ರೋಹಿಣಿಯ ಪರವಾಗಿ ಒಂದು ತಕರಾರು

ಕಳೆದ ತಿಂಗಳು ನಮ್ಮ ಸೊಸೆಯು ಗ್ರಂಥಾಲಯದಿಂದ ಬಹು ಆಸೆಪಟ್ಟು ತಂದಿದ್ದ ಕಾದಂಬರಿಯೊಂದನ್ನು ಅರ್ಧಕ್ಕೆ ಮುಚ್ಚಿ ನಡುಮನೆಯ ಗೂಡಿನಲ್ಲಿರಿಸಿದಳು. ಅದು ಆಕೆಯು ಹತ್ತು ವರ್ಷಗಳಿಂದ ಮೆಚ್ಚಿ ಓದುತ್ತ ಬಂದಿರುವ ಪ್ರೇಮಕಥೆಗಳ ಲೇಖಕಿಯೊಬ್ಬರ ಹೊಸ ಪುಸ್ತಕ. ಕಾರಣವೇನೆಂದು ಕೇಳಿದೆನು. “ಮಾವ, ಇವರು ಮೊದಲು ರಾಜರ ಕಾಲದ ಕಥೆಗಳನ್ನು ಬರೆಯುತ್ತಿದ್ದರು. ಈಗ ನಮ್ಮ ಕಾಲದ್ದನ್ನೇ ಬರೆಯುತ್ತಾರೆ. ಆಫೀಸು, ಮನೆಸಾಲ, ಅತ್ತೆ ಸೊಸೆಯರ ಜಗಳ. ಅದೂ ಇರಲಿ ಅನ್ನಿ. ಆದರೆ ಇವರಿಗೆ ತಮ್ಮ ಪಾತ್ರಗಳ ಮೇಲೆ ಮೊದಲಿನ ಪ್ರೀತಿಯೇ ಇಲ್ಲ” ಎಂದಳು.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಉತ್ತರವು ನಾಲಗೆಯ ತುದಿಯಲ್ಲಿಯೇ ಇರುವುದಷ್ಟೆ. ಹೋಳಿಗೆಯ ರುಚಿ ಹತ್ತಿದ ಬಾಯಿಗೆ ಅನ್ನ ಸಾರು ಸಪ್ಪೆಯೆನಿಸುವುದು ಸಹಜವೆಂದೂ, ಕುದುರೆ ಕೋಟೆಗಳಿಲ್ಲದ ಕಥೆಯಲ್ಲಿ ರಸವನ್ನು ಕಾಣಲು ಅಭ್ಯಾಸ ಬೇಕೆಂದೂ ಉಪದೇಶಿಸಲು ತೊಡಗಿದೆನು. ಆದರೆ ಆಕೆಯ ಕೊನೆಯ ಮಾತು ನನ್ನನ್ನು ನಡುವೆಯೇ ತಡೆಯಿತು. ಏಕೆಂದರೆ ಅದೇ ಆಕ್ಷೇಪಣೆಯನ್ನು, ಅಷ್ಟು ಚೆನ್ನಾಗಿ ಹೇಳಲಾರದೆ, ನಾನು ಹೆಚ್ಚು ಕಡಮೆ ಐವತ್ತು ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡಿರುವೆನು. ನನ್ನ ದೂರು ಬಂಕಿಮಬಾಬುಗಳ ಮೇಲೆ.

ಈಗಿನ ವಾಚಕರಿಗೆ ಬಂಕಿಮಚಂದ್ರ ಚಟ್ಟೋಪಾಧ್ಯಾಯರು ‘ವಂದೇ ಮಾತರಂ’ ಗೀತದ ಕರ್ತರೆಂದು ಮಾತ್ರ ಪರಿಚಿತರು. ನಮ್ಮ ಹಿರಿಯರಿಗಾದರೋ ಅವರು ಮೊದಲು ಕಥೆಗಾರರು. 1838ರಲ್ಲಿ ಹುಟ್ಟಿ 1894ರಲ್ಲಿ ತೀರಿಕೊಂಡ ಈ ಮಹನೀಯರು ಉದ್ಯೋಗದಿಂದ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು. ಹಗಲೆಲ್ಲ ಕಚೇರಿಯಲ್ಲಿ ಕಳ್ಳತನ ಹೊಡೆದಾಟಗಳ ವಿಚಾರಣೆ ನಡೆಸಿ, ಉಳಿದ ವೇಳೆಯಲ್ಲಿ ಬಂಗಾಳಿಗೆ ಕಾದಂಬರಿಯೆಂಬ ಹೊಸ ಪದಾರ್ಥವನ್ನು ತಂದುಕೊಟ್ಟವರು. ಅವರ ಗ್ರಂಥಗಳನ್ನು ಕನ್ನಡಿಗರ ಮನೆಬಾಗಿಲಿಗೆ ತಂದ ಬಿ. ವೆಂಕಟಾಚಾರ್ಯರೂ ಮೈಸೂರು ಸೀಮೆಯಲ್ಲಿ ಮುನ್ಸೀಫರಾಗಿದ್ದವರು. ಇಬ್ಬರೂ ನ್ಯಾಯಾಸನದಲ್ಲಿ ಕುಳಿತವರೇ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ನನಗೆ ಈ ಪುಸ್ತಕಗಳ ಪರಿಚಯವಾದುದು 1977ರಲ್ಲಿ, ಹನ್ನೆರಡು ಹದಿಮೂರರ ವಯಸ್ಸಿನಲ್ಲಿ. ನಮ್ಮ ಅಜ್ಜಿಯ ತಂಗಿಯೊಬ್ಬರು ನಮ್ಮ ಮನೆಯಲ್ಲಿಯೇ ಇದ್ದರು. ಚಿಕ್ಕಜ್ಜಿಯೆಂದು ಕರೆಯುತ್ತಿದ್ದೆವು. ಒಂಬತ್ತನೆಯ ವಯಸ್ಸಿನಲ್ಲಿ ವಿವಾಹ, ಹನ್ನೊಂದರಲ್ಲಿ ವೈಧವ್ಯ. ಅಲ್ಲಿಂದ ಮುಂದೆ ಕೆಂಪು ಸೀರೆ, ತಲೆಯ ಮೇಲೆ ಸೆರಗು, ಒಪ್ಪೊತ್ತಿನ ಊಟ. ಅಣ್ಣನವರಿಂದ ಅಕ್ಷರ ಕಲಿತಿದ್ದ ಅವರು ಯೌವನದಲ್ಲಿ ವೆಂಕಟಾಚಾರ್ಯರ ಪುಸ್ತಕಗಳನ್ನು ಕದ್ದು ಓದಿದ್ದರಂತೆ. ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂದುದರಿಂದ, ಮಧ್ಯಾಹ್ನದ ಹೊತ್ತು ಜಗುಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿಹೇಳುವ ಕೆಲಸವು ನನ್ನ ಪಾಲಿಗೆ ಬಂದಿತು. ನಾನು ಓದುತ್ತಿರುವಷ್ಟು ಹೊತ್ತೂ ಅವರ ಕೈಗಳು ದೇವರ ದೀಪಕ್ಕೆ ಹೂಬತ್ತಿಗಳನ್ನು ಹೊಸೆಯುತ್ತಿದ್ದುವು.

ಮೊದಲು ಓದಿದುದು ‘ದುರ್ಗೇಶನಂದಿನಿ’. 1865ರ ಈ ಕಥೆಯನ್ನು ಬಲ್ಲವರಿಗೆ ಮತ್ತೆ ಹೇಳಬೇಕಾದುದಿಲ್ಲ. ಅರಿಯದವರಿಗಾಗಿ ಎರಡು ಮಾತು. ಮಾನಸಿಂಹನ ಮಗನಾದ ಜಗತ್ಸಿಂಹನು ಬಿರುಗಾಳಿಗೆ ಸಿಕ್ಕಿ ಶೈಲೇಶ್ವರನ ಗುಡಿಯೊಳಕ್ಕೆ ಬರುವನು. ಅಲ್ಲಿ ದೀಪದ ಬೆಳಕಿನಲ್ಲಿ ಮಂದಾರಣ ದುರ್ಗಾಧಿಪತಿಯ ಮಗಳಾದ ತಿಲೋತ್ತಮೆಯನ್ನು ಕಾಣುವನು. ಅನಂತರ ಯುದ್ಧ, ಸೆರೆ, ಗಾಯ. ಶತ್ರುವಾದ ಕತ್ಲೂಖಾನನ ಅರಮನೆಯಲ್ಲಿ ಗಾಯಗೊಂಡು ಮಲಗಿದ ರಾಜಪುತ್ರನಿಗೆ ಶುಶ್ರೂಷೆ ಮಾಡುವವಳು ಆ ಖಾನನ ಮಗಳಾದ ಆಯೇಷೆಯೇ. ಆಕೆಗೆ ಅವನಲ್ಲಿ ಅನುರಾಗ ಹುಟ್ಟುವುದು. ಅದನ್ನು, ತನ್ನನ್ನು ಬಯಸಿದ ಉಸ್ಮಾನನ ಎದುರಿಗೇ, ಅಳುಕದೆ ಹೇಳಿಬಿಡುವಳು. ಆದರೆ ರಾಜಪುತ್ರನ ಮನಸ್ಸು ತಿಲೋತ್ತಮೆಯಲ್ಲಿದೆ. ಕೊನೆಗೆ ಆಯೇಷೆಯು ಅವರ ಮದುವೆಗೆ ತಾನಾಗಿ ಹೋಗಿ, ತನ್ನ ಒಡವೆಗಳನ್ನು ತಿಲೋತ್ತಮೆಗೆ ತೊಡಿಸಿ ಹಿಂದಿರುಗುವಳು. ಅಂದಿನ ರಾತ್ರಿ ಕಿಟಕಿಯ ಬಳಿ ನಿಂತಾಗ ಆಕೆಯ ಬೆರಳಿನಲ್ಲಿ ವಿಷವಡಗಿದ ಉಂಗುರವಿರುವುದು. ಅದನ್ನು ನೋಡುವಳು, ಯೋಚಿಸುವಳು, ಕೋಟೆಯ ಕಂದಕದ ನೀರಿಗೆ ಎಸೆದುಬಿಡುವಳು.

ಈ ಪುಟವನ್ನು ಓದಿ ಮುಗಿಸಿದಾಗ ಚಿಕ್ಕಜ್ಜಿಯು “ಹ್ಞೂ, ಗಟ್ಟಿಗಿತ್ತಿ” ಎಂದರು. ಮಡಿಯಲ್ಲಿಯೇ ಬಾಳು ಸವೆಸಿದ ಆ ಮುದುಕಿ ಪಠಾಣರ ಹುಡುಗಿಯೊಬ್ಬಳನ್ನು ಮನೆಮಗಳಂತೆ ಮೆಚ್ಚಿಕೊಂಡುದು ಆಗ ನನಗೆ ವಿಶೇಷವಾಗಿ ತೋರಲಿಲ್ಲ. ಈಗ ತೋರುತ್ತಿದೆ.

‘ಕಪಾಲಕುಂಡಲಾ’, ‘ಮೃಣಾಲಿನಿ’ಗಳು ಆಮೇಲೆ ಬಂದುವು. ಕಪಾಲಕುಂಡಲೆಯು ಕಡೆಯಲ್ಲಿ ಕುಸಿದ ದಡದೊಂದಿಗೆ ಹೊಳೆಯ ಪಾಲಾಗುವಳು. ಆದರೂ ಓದುವವರಿಗೆ ಅದು ಶಿಕ್ಷೆಯೆಂದು ತೋರುವುದಿಲ್ಲ. ಕಡಲ ತೀರದಲ್ಲಿ ಬೆಳೆದವಳನ್ನು ಸಂಸಾರವು ಹಿಡಿದಿಡಲಾರದೆ ಹೋಯಿತೆಂಬ ದುಃಖ ಮಾತ್ರ ಉಳಿಯುವುದು.

1872ರಲ್ಲಿ ಬಂಕಿಮರು ‘ಬಂಗದರ್ಶನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದರಲ್ಲಿ ‘ವಿಷವೃಕ್ಷ’ವು ಪ್ರಕಟವಾಗತೊಡಗಿತು. ಇಲ್ಲಿ ರಾಜಪುತ್ರರಿಲ್ಲ, ದುರ್ಗಗಳಿಲ್ಲ. ಕಥೆಯು ಗ್ರಂಥಕರ್ತರ ಕಾಲದ್ದು, ಅವರ ನೆರೆಹೊರೆಯದು. ಆದರೂ ಆರಂಭದಲ್ಲಿ ಬಿರುಗಾಳಿಯೊಂದುಂಟು. ಜಮೀನುದಾರನಾದ ನಗೇಂದ್ರನು ದೋಣಿಯಲ್ಲಿ ಪಯಣಿಸುತ್ತಿರುವಾಗ ಗಾಳಿಮಳೆಗೆ ಸಿಕ್ಕಿ ದಡ ಸೇರುವನು. ಪಾಳುಬಿದ್ದ ಮನೆಯಲ್ಲಿ ಸಾಯುತ್ತಿರುವ ತಂದೆಯ ಬಳಿ ಕುಳಿತ ಕುಂದನಂದಿನಿಯೆಂಬ ಹುಡುಗಿಯನ್ನು ಕಾಣುವನು. ಅದೇ ಗಾಳಿ, ಅದೇ ಮಿಣುಕುದೀಪ. ನನಗೂ ಚಿಕ್ಕಜ್ಜಿಗೂ ಬಹು ಸಂತೋಷವಾಯಿತು. ನಮ್ಮ ಬಂಕಿಮಬಾಬುಗಳು ಎಲ್ಲಿಗೂ ಹೋಗಿಲ್ಲವೆಂದುಕೊಂಡೆವು.

ಕುಂದಳಿಗೆ ಮದುವೆಯಾಗುವುದು, ಗಂಡನು ತೀರಿಕೊಳ್ಳುವುದು. ವಿಧವೆಯಾದ ಅವಳನ್ನು ನಗೇಂದ್ರನು ಮೋಹಿಸುವನು. ಹೆಂಡತಿಯಾದ ಸೂರ್ಯಮುಖಿಯು ತಾನೇ ನಿಂತು ಅವರಿಬ್ಬರ ಲಗ್ನ ಮಾಡಿಸಿ ಮನೆಬಿಟ್ಟು ಹೋಗುವಳು. ಆಗ ನಗೇಂದ್ರನಿಗೆ ಮೋಹವಿಳಿಯುವುದು, ಪಶ್ಚಾತ್ತಾಪ ಹುಟ್ಟುವುದು. ಸೂರ್ಯಮುಖಿ ಹಿಂದಿರುಗುವಳು. ಕುಂದಳು ದಾಸಿಯಾದ ಹೀರೆಯಲ್ಲಿದ್ದ ವಿಷವನ್ನು ತೆಗೆದು ಕುಡಿಯುವಳು. ಪುಸ್ತಕದುದ್ದಕ್ಕೂ ಎರಡು ಮಾತನ್ನು ಜೋಡಿಸಿ ಆಡಲರಿಯದ ಆ ಹುಡುಗಿ ವಿಷ ಕುಡಿದ ಮೇಲೆಯೇ ಗಂಡನೊಡನೆ ಬಾಯ್ಬಿಟ್ಟು ಮಾತನಾಡುವಳು. ಗ್ರಂಥಕರ್ತರು ಅವಳಿಗೆ ನಾಲಗೆಯನ್ನು ಕೊಟ್ಟುದು ಅಷ್ಟು ತಡವಾಗಿ.

ಆಯೇಷೆಯು ಕಂದಕಕ್ಕೆ ಎಸೆದ ವಿಷವೇ ತೇಲಿಬಂದು ಕುಂದಳ ಕೈಸೇರಿತೇನೋ ಎಂದು ನನಗೆ ಅನೇಕಾವರ್ತಿ ಅನಿಸಿರುವುದುಂಟು. ಇಬ್ಬರೂ ಸಣ್ಣ ವಯಸ್ಸಿನವರು, ಇಬ್ಬರೂ ಬಯಸಿದವನ ಮನಸ್ಸಿನಲ್ಲಿ ನೆಲೆ ಕಾಣದವರು. ಮುನ್ನೂರು ವರ್ಷ ಹಿಂದಿನ ನವಾಬನ ಮಗಳಿಗೆ ಬದುಕುವ ಧೈರ್ಯವನ್ನು ಅನುಗ್ರಹಿಸಿದ ಲೇಖನಿಯು, ತನ್ನ ಕಾಲದ ಅನಾಥ ಬಾಲೆಗೆ ಅದನ್ನು ಏಕೆ ಕೊಡಲಾರದೆ ಹೋಯಿತು? ಆಕೆಯು ವಿಧವೆಯಾಗಿದ್ದುದರಿಂದ ಎಂಬುದಲ್ಲದೆ ಬೇರೆ ಉತ್ತರವು ನನಗೆ ತೋರದು. ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ ವಿಧವಾವಿವಾಹದ ಕಾನೂನು 1856ರಲ್ಲಿಯೇ ಬಂದಿದ್ದಿತು. ಕುಂದಳ ಮದುವೆ ಆ ಕಾನೂನಿನಂತೆ ನಿರ್ದುಷ್ಟವೇ ಸರಿ. ಆದರೆ ಸೂರ್ಯಮುಖಿಯು ನಾದಿನಿಗೆ ಬರೆದ ಕಾಗದದಲ್ಲಿ ವಿದ್ಯಾಸಾಗರರ ಪಾಂಡಿತ್ಯವನ್ನೇ ಹಾಸ್ಯಮಾಡುವಳು. ಅದು ಪಾತ್ರದ ಮಾತು, ಕವಿಯ ಮಾತಲ್ಲವೆಂದು ವಾದಿಸಬಹುದು. ನಾನೂ ತರಗತಿಯಲ್ಲಿ ಹಾಗೆಯೇ ವಾದಿಸಿರುವೆನು. ಆದರೆ ಕಾಗದದಲ್ಲಿ ಪಾತ್ರವು ಆಡಿದ ಮಾತನ್ನು ಕಥೆಯು ಕೊನೆಯಲ್ಲಿ ಕುಂದಳ ಹೆಣದಿಂದ ಸಮರ್ಥಿಸಿದರೆ ಆ ವಾದವು ನಿಲ್ಲುವುದು ಕಷ್ಟ.

ಪುಸ್ತಕದ ಗುಣವನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಕಟ್ಟಡದಲ್ಲಿ ‘ವಿಷವೃಕ್ಷ’ವು ‘ದುರ್ಗೇಶನಂದಿನಿ’ಗಿಂತ ಮೇಲು. ಹೀರೆಯಂತಹ ದಾಸಿಯನ್ನು, ವೈಷ್ಣವಿಯ ವೇಷದಲ್ಲಿ ಅಂತಃಪುರಕ್ಕೆ ನುಗ್ಗುವ ದೇವೇಂದ್ರನಂತಹ ಕುಡುಕನನ್ನು ಹಿಂದಿನ ಕಥೆಗಳಲ್ಲಿ ಹುಡುಕಿದರೂ ಕಾಣೆವು. ಹೆಂಗಸರು ಒಬ್ಬರೊಡನೊಬ್ಬರು ಮಾತನಾಡುವಾಗ ಅಡಿಗೆಮನೆಯ ಹೊಗೆಯೂ ಮೂಗಿಗೆ ಬಡಿಯುವುದು. ಕೈಚಳಕವು ಹೆಚ್ಚಿತು, ಕರುಣೆ ಕಡಮೆಯಾಯಿತು. ಅದರಿಂದಲೇ ವ್ಯಸನವು ಹೆಚ್ಚು. ಬರೆಯಲು ಬಾರದವನ ಕಥೆ ಕೆಟ್ಟರೆ ಯಾರಿಗೆ ತಾನೆ ನಷ್ಟ?

‘ಕೃಷ್ಣಕಾಂತನ ಉಯಿಲು’ 1878ರಲ್ಲಿ ಪುಸ್ತಕವಾಗಿ ಬಂದಿತು. ಇದರ ರೋಹಿಣಿಯೂ ಬಾಲವಿಧವೆ. ಆದರೆ ಕುಂದಳಂತೆ ಮೂಕಿಯಲ್ಲ. ಚೆಲುವೆ, ಚತುರೆ, ಅಡಿಗೆಯಲ್ಲಿ ನಿಪುಣೆ. ವೃದ್ಧ ಜಮೀನುದಾರನಾದ ಕೃಷ್ಣಕಾಂತನ ಮಗ ಹರಲಾಲನು ‘ಉಯಿಲನ್ನು ಕದ್ದು ಕೊಟ್ಟರೆ ನಿನ್ನನ್ನು ಮದುವೆಯಾಗುವೆನು’ ಎಂದು ಆಸೆ ತೋರಿಸುವನು. ಈಕೆಯು ಕದಿಯುವಳು. ಕದ್ದ ಮೇಲೆ, ಕಳ್ಳಿಯನ್ನು ಮದುವೆಯಾಗಲಾರೆನೆಂದು ಅವನೇ ಹೇಳಿಬಿಡುವನು! ಕದಿಯಲು ಕಲಿಸಿದ ಗುರುವು ಶಿಷ್ಯೆಗೆ ಕೊಟ್ಟ ಪ್ರಶಸ್ತಿಪತ್ರವಿದು. ಬಾರುಣಿಯೆಂಬ ಕೆರೆಯ ಮೆಟ್ಟಿಲಲ್ಲಿ ಕುಳಿತು ಅಳುತ್ತಿದ್ದ ಅವಳನ್ನು ಕೃಷ್ಣಕಾಂತನ ತಮ್ಮನ ಮಗನಾದ ಗೋವಿಂದಲಾಲನು ಮೃದುವಾಗಿ ಮಾತನಾಡಿಸುವನು. ಅಷ್ಟೇ. ಅವನಿಗೆ ಅನ್ಯಾಯವಾಗಬಾರದೆಂದು ರೋಹಿಣಿಯು ನಿಜವಾದ ಉಯಿಲನ್ನು ಮತ್ತೆ ಸ್ವಸ್ಥಾನದಲ್ಲಿಡಲು ರಾತ್ರಿ ಹೋಗಿ ಸಿಕ್ಕಿಬೀಳುವಳು. ಅವನ ಹೆಂಡತಿ ಭ್ರಮರೆಯು ‘ಕೊರಳಿಗೆ ಬಿಂದಿಗೆ ಕಟ್ಟಿಕೊಂಡು ಬಾರುಣಿಯಲ್ಲಿ ಮುಳುಗಲಿ’ ಎಂಬರ್ಥದ ಮಾತನ್ನು ದಾಸಿಯ ಮೂಲಕ ಹೇಳಿಕಳುಹಿಸಿದರೆ, ನಿಜವಾಗಿಯೂ ಹೋಗಿ ಮುಳುಗುವಳು. ಗೋವಿಂದಲಾಲನೇ ಅವಳನ್ನೆತ್ತಿ ಬದುಕಿಸುವನು.

ಇಷ್ಟು ದೂರ ಬಂಕಿಮರು ರೋಹಿಣಿಯ ಪಕ್ಷದಲ್ಲಿಯೇ ಇರುವರು. ಆಕೆಯ ಹಸಿವು ಎಂತಹುದೆಂಬುದು ಅವರಿಗೆ ಗೊತ್ತಿದೆ. ಓದುತ್ತಿದ್ದ ಹುಡುಗನಿಗೇ ಗಂಟಲು ಕಟ್ಟುತ್ತಿತ್ತು.

ಅನಂತರ ಏನಾಯಿತೋ ತಿಳಿಯದು. ಗೋವಿಂದಲಾಲನು ಹೆಂಡತಿಯನ್ನು ತೊರೆದು ರೋಹಿಣಿಯೊಡನೆ ಪ್ರಸಾದಪುರಕ್ಕೆ ಹೋಗಿ ನೆಲೆಸುವನು. ಭ್ರಮರೆಯ ತಂದೆಯು ಇವರನ್ನಗಲಿಸಲು ನಿಶಾಕರನೆಂಬ ಚೆಲುವನೊಬ್ಬನನ್ನು ಕರೆತರುವನು. ಪ್ರೇಮಕ್ಕಾಗಿ ಕೆರೆಗೆ ಹಾರಿದ್ದ ಹೆಂಗಸು, ಎಂದೂ ಕಾಣದ ಆ ಗಂಡಸಿಗೆ ಒಂದೇ ಸಂಜೆಯಲ್ಲಿ ಮರುಳಾಗಿ ಹೊಳೆಯ ದಡಕ್ಕೆ ಬರುವಳು! ಗೋವಿಂದಲಾಲನು ಹಿಡಿದು ತರುವನು. ಇನ್ನೂ ಚಿಕ್ಕವಳು, ಕೊಲ್ಲಬೇಡವೆಂದು ಬೇಡಿಕೊಳ್ಳುವಳು. ಪಿಸ್ತೂಲಿನಿಂದ ಹೊಡೆದು ಕೊಲ್ಲುವನು.

ಈ ಒಂದು ಸಂಜೆಯ ವಿಷಯದಲ್ಲಿಯೇ ನನ್ನ ತಕರಾರು. ರೋಹಿಣಿ ಸತ್ತುದು ದೊಡ್ಡದಲ್ಲ, ಕಾವ್ಯಗಳಲ್ಲಿ ಸಾಯುವವರು ಬಹುಮಂದಿ. ಅವಳನ್ನು ಕೊಲ್ಲುವುದು ಅನುಕೂಲವಾಗುವಂತೆ ಮೊದಲು ಅವಳ ಸ್ವಭಾವವನ್ನೇ ಕೆಡಿಸಿದುದು ದೊಡ್ಡದು. ಬಂಗಾಳದ ಶರಚ್ಚಂದ್ರರೂ ಈ ಸಾವನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಕಥೆಗೆ ಬೇಡವಾಗಿದ್ದ ಸಾವನ್ನು ನೀತಿಗಾಗಿ ತಂದುದೆಂಬುದು ಅವರ ಅಭಿಪ್ರಾಯ. ನಾನು ಅವರ ಮಾತನ್ನು ಓದಿದುದು ಬಹುಕಾಲದ ಮೇಲೆ. ಓದಿದಾಗ, ಒಬ್ಬನೇ ಹೊತ್ತಿದ್ದ ಭಾರಕ್ಕೆ ಇನ್ನೊಂದು ಹೆಗಲು ಸಿಕ್ಕಿದಂತಾಯಿತು.

ಆನಂದವರ್ಧನನು ಕಾವ್ಯವೆಂಬ ಸಂಸಾರಕ್ಕೆ ಕವಿಯೇ ಪ್ರಜಾಪತಿಯೆಂದಿರುವನು. ಇದನ್ನು ಕವಿಗೆ ಕೊಟ್ಟ ಅಧಿಕಾರವೆಂದೇ ನಾವೆಲ್ಲ ಪಾಠ ಹೇಳುತ್ತ ಬಂದೆವು. ಹೊಣೆಯೂ ಹೌದೆಂಬುದನ್ನು ನಾನು ಕಲಿತುದು ರೋಹಿಣಿಯಿಂದ. ಮಮ್ಮಟನಾದರೋ ಕಾವ್ಯದ ಉಪದೇಶವು ಕಾಂತೆಯ ಮಾತಿನಂತೆ ಒಲಿಸಿಕೊಳ್ಳಬೇಕು, ಪ್ರಭುವಿನ ಆಜ್ಞೆಯಂತಿರಬಾರದು ಎಂದು ಬಗೆದವನು. ಬಂಕಿಮರ ಪೂರ್ವದ ಕಥೆಗಳು ನಮ್ಮನ್ನು ಒಲಿಸಿಕೊಂಡುವು. ತಮ್ಮ ಕಾಲದ ಮನೆಯೊಳಗೆ ಕಾಲಿಟ್ಟೊಡನೆ ಅವರು ಕಚೇರಿಯ ಅಂಗಿಯನ್ನು ಕಳಚಿಡಲು ಮರೆತರೆಂದು ತೋರುವುದು. ‘ವಿಷವೃಕ್ಷ’ದ ಕೊನೆಯಲ್ಲಿ, ಇದರಿಂದ ಮನೆಮನೆಯಲ್ಲಿಯೂ ಅಮೃತವು ಫಲಿಸಲೆಂದು ಹಾರೈಸಿರುವರು. ಹಾರೈಕೆ ಒಳ್ಳೆಯದೇ. ಆದರೆ ಆ ಮನೆಮನೆಗಳಲ್ಲಿ ಕುಂದಳಂತಹವರೂ ಒಬ್ಬೊಬ್ಬರಿದ್ದರಲ್ಲ, ಅವರ ಪಾಲಿನ ಅಮೃತವಾವುದು?

ಹಾಗೆಂದು ಸಮಕಾಲೀನ ವಸ್ತುವಿನದೇ ತಪ್ಪೆಂದು ಹೇಳಲಾಗದು. ಬಂಕಿಮರೇ ಬರೆದ ‘ಇಂದಿರಾ’ ಇದೆ. ಗಂಡನ ಮನೆಗೆ ಹೊರಟವಳು ದಾರಿಯಲ್ಲಿ ದರೋಡೆಕೋರರ ಕೈಗೆ ಸಿಕ್ಕಿ, ಕಲ್ಕತ್ತೆಯಲ್ಲಿ ಅಡಿಗೆಯವಳಾಗಿದ್ದು, ಗುರುತು ಮರೆಸಿ ಸ್ವಂತ ಗಂಡನನ್ನೇ ಮರುಳುಮಾಡಿ ಗೆಲ್ಲುವ ಕಥೆ, ನಗದೆ ಓದಲಾಗದು. ಕುರುಡಿಯಾದ ಹೂಗಾರ ಹುಡುಗಿಯ ‘ರಜನಿ’ ಇದೆ. ಇವೂ ಆ ಕಾಲದ ಮನೆಗಳ ಕಥೆಗಳೇ, ಇವುಗಳಲ್ಲಿ ಹಳೆಯ ಪ್ರೀತಿಯೂ ಉಂಟು. ಇನ್ನು ನಮ್ಮ ಕನ್ನಡದ ಕಡೆ ನೋಡಿರಿ. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ‘ಇಂದಿರಾಬಾಯಿ’ಯಲ್ಲಿ ಗುಲ್ವಾಡಿ ವೆಂಕಟರಾಯರು ತಮ್ಮ ವಿಧವೆ ನಾಯಿಕೆಗೆ ವಿದ್ಯೆ ಕಲಿಸಿ, ಅವಳಿಗೊಪ್ಪುವ ವರನೊಡನೆ ಮದುವೆಯನ್ನೂ ಮಾಡಿಸಿದರು. ಕಲೆಯಲ್ಲಿ ಗುಲ್ವಾಡಿಯವರನ್ನು ಬಂಕಿಮರಿಗೆ ಸಮಾನರೆಂದು ಯಾರೂ ಹೇಳಲಾರರು. ಆದರೂ ಒಂದು ವಿಷಯದಲ್ಲಿ ಅವರ ಕೈ ಹೆಚ್ಚು ಧಾರಾಳವಾಗಿತ್ತು. ಆ ಪುಸ್ತಕವು 1977ರಲ್ಲಿ ನಮ್ಮ ಮನೆಯಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೆಂದು ಈಗಲೂ ಅಂದುಕೊಳ್ಳುವೆನು.

ಕುಂದಳು ಸತ್ತ ದಿನ ಚಿಕ್ಕಜ್ಜಿಯು ಸೆರಗಿನಿಂದ ಕಣ್ಣೊರಸಿಕೊಂಡು “ಪಾಪ, ಮಗು” ಎಂದಷ್ಟೇ ಹೇಳಿದ್ದರು. ರೋಹಿಣಿಯ ದಿನ ಅಳಲಿಲ್ಲ. ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. “ನಿಲ್ಲಿಸಲೇನು, ಚಿಕ್ಕಜ್ಜಿ?” ಎಂದೆನು.

“ಬೇಡ, ಓದು. ಆ ಗಂಡಸಿಗೆ ಏನಾಯಿತೋ ನೋಡೋಣ.”

ಓದಿದೆನು. ಗೋವಿಂದಲಾಲನ ಮೇಲೆ ಮೊಕದ್ದಮೆ ನಡೆಯಿತು. ಅವನ ಮಾವನು ಹಣ ಚೆಲ್ಲಿ ಸಾಕ್ಷಿಗಳನ್ನು ತಿರುಗಿಸಿದುದರಿಂದ ಬಿಡುಗಡೆಯಾಯಿತು. ಭ್ರಮರೆಯು ಕೊರಗಿ ಕೊರಗಿ ಸತ್ತಳು. ಅವನು ಸನ್ಯಾಸಿಯಾಗಿ, ಹನ್ನೆರಡು ವರ್ಷಗಳ ಮೇಲೆ ಒಮ್ಮೆ ಊರಿಗೆ ಬಂದು, ಭಗವಂತನ ಪಾದದಲ್ಲಿ ತನಗೆ ಶಾಂತಿ ದೊರೆತುದೆಂದು ಹೇಳಿ ಹೊರಟುಹೋದನು. ಈ ಕೊನೆಯನ್ನು ಬಂಕಿಮರು ಆಮೇಲೆ ತಿದ್ದಿ ಬರೆದರೆಂಬುದು ಆಗ ನನಗೆ ತಿಳಿಯದು. ಮೊದಲಿನ ಪಾಠದಲ್ಲಿ ಅವನು ಬಾರುಣಿಯ ನೀರಿನಲ್ಲಿಯೇ ಪ್ರಾಣಬಿಟ್ಟಿದ್ದನು. ತಿದ್ದುವಾಗ ಗ್ರಂಥಕರ್ತರ ಮನಸ್ಸು ಕರಗಿದುದುಂಟು, ಕೊಂದವನ ಮೇಲೆ.

ಚಿಕ್ಕಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಕೇಳಿದರು: “ಅವನಿಗೆ ಶಾಂತಿ ಸಿಕ್ಕಿತಂತೆ, ಆಗಲಿ. ಅವಳ ತಿಥಿ ಯಾರು ಮಾಡಿದರಂತೋ?”

ನಾನು ಹಿಂದಿನ ಪುಟಗಳನ್ನು ತಿರುವಿಹಾಕಿದೆನು. “ಪುಸ್ತಕದಲ್ಲಿ ಬರೆದಿಲ್ಲ, ಚಿಕ್ಕಜ್ಜಿ” ಎಂದೆನು.

“ಬರೆದಿರೋಲ್ಲ” ಎಂದು ಮತ್ತೆ ಬತ್ತಿಯನ್ನು ಕೈಗೆತ್ತಿಕೊಂಡರು. ಮರುದಿನ ‘ದುರ್ಗೇಶನಂದಿನಿ’ಯ ಕೊನೆಯ ಪ್ರಕರಣವನ್ನು ಮತ್ತೊಮ್ಮೆ ಓದಿಸಿದರು. ಅನಂತರವೂ ನಮ್ಮ ಓದು ಕೆಲವು ವರ್ಷ ನಡೆಯಿತು. ಆದರೆ ಉಯಿಲಿನ ಪುಸ್ತಕವನ್ನು ಅವರು ಮತ್ತೆ ತೆಗೆಸಲಿಲ್ಲ. 1984ರ ಮಾಘಮಾಸದಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಅವರ ತಿಥಿಯನ್ನು ನಮ್ಮ ತಂದೆಯವರು ಇರುವಷ್ಟು ಕಾಲ ನಡೆಯಿಸಿದರು, ಈಗ ನಾನು ನಡೆಯಿಸುತ್ತಿರುವೆನು.

ಸೊಸೆಗೆ ಇದನ್ನೆಲ್ಲ ಹೇಳಲಿಲ್ಲ. ಎರಡು ಪುಸ್ತಕಗಳನ್ನೂ ಕಪಾಟಿನಿಂದ ತೆಗೆದುಕೊಟ್ಟೆನು. ‘ದುರ್ಗೇಶನಂದಿನಿ’ಯನ್ನು ಮೂರು ದಿನಗಳಲ್ಲಿ ಮುಗಿಸಿದಳು. ‘ಉಯಿಲು’ ನಿನ್ನೆ ರಾತ್ರಿ ಬಾರುಣಿಯ ದಡದವರೆಗೆ ಬಂದಿದೆ. “ರೋಹಿಣಿ ಬದುಕಿದಳು ಮಾವ, ಸದ್ಯ!” ಎಂದು ದೀಪವಾರಿಸಿ ಮಲಗಲು ಹೋದಳು. ನಾನು ಏನೂ ಹೇಳಲಿಲ್ಲ.